ಹಳದಿ ಕಲ್ಲು ಬಿಟ್ಟು ಬನ್ನಿ

(ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿ ಮಲೆನಾಡಿನ ರಸ್ತೆಗಳಲ್ಲೇ ಸೇವೆ ಮುಗಿಸಿದ ನಮ್ಮ ಅಂಕಣಕಾರರು ಓದುಗರ ಪತ್ರಗಳಿಗೆ ಉತ್ತರಿಸಿದ್ದಾರೆ. ದೀಪಾವಳಿ ಹತ್ತಿರ ಬಂತಲ್ಲ, ಈ ಸಲ ಬಂದದ್ದೆಲ್ಲ ಗುಡ್ಡಗಾಡಿನ ದಾರಿಯದೇ ಪ್ರಶ್ನೆಗಳು.)

ಪ್ರಶ್ನೆ: ಸರ್, ನಾವು ನಾಲ್ಕು ಜನ. ನಾನು, ನಮ್ಮ ಯಜಮಾನರು, ಎಪ್ಪತ್ತು ದಾಟಿದ ನಮ್ಮತ್ತೆ, ಪಿಯುಸಿ ಓದುವ ಮಗಳು. ಇರುವುದು ಸಣ್ಣ ಕಾರು. ಹೋದ ವರ್ಷ ಮುಳ್ಳಯ್ಯನಗಿರಿಗೆ ಹೋಗಿ, ಬೆಟ್ಟಕ್ಕಿಂತ ಹೆಚ್ಚು ಹೊತ್ತು ಮುಂದಿನ ಕಾರಿನ ನಂಬರ್ ಪ್ಲೇಟನ್ನೇ ನೋಡಿಕೊಂಡು ಬಂದೆವು. ನವೆಂಬರಿನಲ್ಲಿ ಎರಡು ದಿನ ಬಿಡುವಿದೆ. ಗದ್ದಲವಿಲ್ಲದ, ಸುಮ್ಮನೆ ಗುಡ್ಡ ತೋಟ ನೋಡುತ್ತ ಹೋಗುವಂಥ ದಾರಿ ಇದ್ದರೆ ಹೇಳಿ.
— ಶಿಕ್ಷಕಿ, ತಿಪಟೂರು

ಉತ್ತರ: ಹೋದ ವರ್ಷ ನೀವು ಊರು ಆರಿಸಿಕೊಂಡು ಹೋದಿರಿ. ಈ ವರ್ಷ ರಸ್ತೆ ಆರಿಸಿಕೊಳ್ಳಿ. ರಾಜ್ಯದಲ್ಲೇ ಎತ್ತರದ ಶಿಖರ, 1930 ಮೀಟರ್, ಕಾರು ಹೆಚ್ಚುಕಡಿಮೆ ತುದಿಯವರೆಗೂ ಹೋಗುತ್ತದೆ ಅಂದಮೇಲೆ ಶನಿವಾರ ಅಲ್ಲಿ ಜನ ಇರಬಾರದು ಅಂದರೆ ಹೇಗೆ ಮಾರಾಯ್ರೇ? ಹೆಸರಿದ್ದ ಕಡೆ ಎಲ್ಲರೂ ಹೋಗುತ್ತಾರೆ. ರಸ್ತೆಗೋಸ್ಕರ ರಸ್ತೆಗೆ ಬರುವವರು ಈಗಲೂ ಕಡಿಮೆ.

ರಸ್ತೆ ಹೇಗೆ ಆರಿಸುವುದು? ಕಿಲೋಮೀಟರ್ ಕಲ್ಲಿನ ತಲೆ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಪ್ಪಿದ್ದರೆ ಜಿಲ್ಲಾ ರಸ್ತೆ, ಕಿತ್ತಳೆ ಇದ್ದರೆ ಹಳ್ಳಿಯ ರಸ್ತೆ. ಹಳದಿಯಲ್ಲಿ ಹೋದರೆ ಲಾರಿಯ ಹಿಂದೆ ಹೊಗೆ ಕುಡಿಯಬೇಕು. ಕಿತ್ತಳೆಯಲ್ಲಿ ಎದುರಿಗೊಂದು ಪಿಕಪ್ ಬಂದರೆ ಅರ್ಧ ಫರ್ಲಾಂಗು ಹಿಂದಕ್ಕೆ ಹೋಗಬೇಕು, ಅದೂ ಒಂದು ಕಡೆ ಕಣಿವೆ ಇಟ್ಟುಕೊಂಡು. ಸಂಸಾರ ಸಮೇತ ಹೊರಟವರಿಗೆ ಹಸಿರು, ಕಪ್ಪು ತಲೆಯ ಕಲ್ಲುಗಳೇ ಸರಿ. ಅಲ್ಲಿ ಬಸ್ಸು ಓಡಾಡುತ್ತದೆ. ಬಸ್ಸು ಓಡಾಡುವ ದಾರಿಯಲ್ಲಿ ಎರಡು ಗಾಡಿ ದಾಟಿಕೊಳ್ಳುವಷ್ಟು ಜಾಗ ಅಲ್ಲಲ್ಲಿ ಇದ್ದೇ ಇರುತ್ತದೆ.

ಈಗ ನಿಮ್ಮ ದಾರಿ. 73ನೇ ರಾಷ್ಟ್ರೀಯ ಹೆದ್ದಾರಿ ನಿಮ್ಮೂರಿನ ಮೇಲೇ ಹೋಗುತ್ತದೆ. ಬೆಳಗಿನ ಐದೂವರೆಗೆ ಹೊರಟರೆ ಅರಸೀಕೆರೆ, ಬಾಣಾವರ, ಬೇಲೂರು, ಮೂಡಿಗೆರೆ ದಾಟಿ ಒಂಬತ್ತೂವರೆ ಹೊತ್ತಿಗೆ ಕೊಟ್ಟಿಗೆಹಾರ. ತಿಂಡಿ ಅಲ್ಲೇ. ಬೇಲೂರಿನಲ್ಲಿ ಹಸಿವಾದರೆ ಒಂದು ಬಾಳೆಹಣ್ಣು ತಿಂದು ತಡೆದುಕೊಳ್ಳಿ, ಯಾಕೆಂದರೆ ಕೊಟ್ಟಿಗೆಹಾರ ಅಂದರೆ ನೀರ್‌ದೋಸೆ. ಕಾವಲಿಯಿಂದ ಎತ್ತಿ ಮಡಚಿ ಹಾಕುತ್ತಾರೆ, ಮಡಿಕೆಯ ನಡುವೆ ಇನ್ನೂ ಹಬೆ ಇರುತ್ತದೆ. ಕಾಯಿಚಟ್ನಿ ಕೇಳಿ ಹಾಕಿಸಿಕೊಳ್ಳಿ. ತಿಪಟೂರಿನವರಿಗೆ ತೆಂಗಿನಕಾಯಿ ವಿಷಯದಲ್ಲಿ ನಾನು ಹೇಳುವುದೇನೂ ಇಲ್ಲ, ಆದರೂ.

ಅಲ್ಲಿಂದ ಹೆದ್ದಾರಿ ನೇರ ಚಾರ್ಮಾಡಿ ಘಾಟಿಗೆ ಇಳಿಯುತ್ತದೆ. ಎಲ್ಲರೂ ಇಳಿಯುತ್ತಾರೆ. ನೀವು ಇಳಿಯಬೇಡಿ. ಬಲಕ್ಕೆ ತಿರುಗಿ ಕಳಸದ ದಾರಿ ಹಿಡಿಯಿರಿ. ತಿರುಗಿ ಸ್ವಲ್ಪ ದೂರಕ್ಕೇ ಕಿಟಕಿ ಇಳಿಸಿದರೆ ನಿಮ್ಮ ಕಾರಿನ ಸದ್ದೇ ನಿಮಗೆ ಕೇಳಿಸುತ್ತದೆ.

ಈ ದಾರಿಯಲ್ಲಿ ಮೊದಲು ಕಾಫಿ ತೋಟ, ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಆಮೇಲೆ ಜಾವಳಿ. ಇಲ್ಲಿ ನಿಮ್ಮತ್ತೆಯವರನ್ನು ಇಳಿಸಿ ಕೈ ಮುಗಿಸಿ, ಹೇಮಾವತಿ ಹುಟ್ಟುವುದು ಇಲ್ಲೇ. ಗೊರೂರಿನ ಅಣೆಕಟ್ಟಿಗೆ ತುಂಬಿ, ನಾಲೆ ಹಿಡಿದು ನಿಮ್ಮ ಸೀಮೆಯ ಕೆರೆಗಳಿಗೆ ಬರುವ ನೀರು ಇದೇ. ನಾಲೆ ನೀರಿಗಾಗಿ ವರ್ಷವರ್ಷ ಆಗುವ ಜಗಳದ ಮೂಲ ಇಷ್ಟು ಸಣ್ಣದೇ ಎಂದು ನೋಡಿದವರಿಗೆ ಆಶ್ಚರ್ಯವಾಗುತ್ತದೆ.

ಜಾವಳಿ ದಾಟಿದ ಮೇಲೆ ಕೆಳಗೂರಿನ ಕಡೆ ಚಹಾ ತೋಟ. ಕಾಫಿ ಸೀಮೆಯ ನಡುವೆ ಚಹಾ ಸಿಗುವುದೇ ವಿಶೇಷ. ಕಾಫಿ ತೋಟದಲ್ಲಿ ನೆರಳಿನ ಮರಗಳಿಂದಾಗಿ ದೂರ ಕಾಣುವುದಿಲ್ಲ. ಚಹಾ ಬಂದ ಕೂಡಲೇ ಮರದ ಸಂದಣಿ ತೆಳುವಾಗಿ ಬಲ್ಲಾಳರಾಯನ ದುರ್ಗದ ಕಡೆಯ ಹುಲ್ಲುಗುಡ್ಡಗಳು ಒಮ್ಮೆಗೇ ತೆರೆದುಕೊಳ್ಳುತ್ತವೆ. ಗುಡ್ಡದ ನೆತ್ತಿಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಪ್ಪಾಗಿ ಕಾಣುವ ಶೋಲಾ ಕಾಡು. ನವೆಂಬರಿನಲ್ಲಿ ಹುಲ್ಲು ಇನ್ನೂ ಹಸಿರು, ಹಳ್ಳಗಳಲ್ಲಿ ನೀರೂ ಇರುತ್ತದೆ. ಫೆಬ್ರವರಿಗೆ ಬಂದರೆ ಅದೇ ಗುಡ್ಡ ಕಂದು. ನನ್ನನ್ನು ಕೇಳಿದರೆ ಇಡೀ ಎರಡು ದಿನದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ್ದು ಇಲ್ಲೇ, ಆದರೆ ತಿರುವಿನಲ್ಲಲ್ಲ. ಮುಂದೆ ಹಿಂದೆ ನೂರಡಿ ನೇರ ಕಾಣುವ ಕಡೆ, ಡಾಂಬರಿನಿಂದ ಪೂರಾ ಕೆಳಗಿಳಿಸಿ ನಿಲ್ಲಿಸಿ.

ನಿಲ್ಲಿಸುವ ಮೊದಲು ದರೆ ನೋಡಿ. ಗುಡ್ಡ ಕಡಿದ ಗೋಡೆಗೆ ನಮ್ಮ ಕಡೆ ದರೆ ಅನ್ನುತ್ತೇವೆ. ದರೆಯ ಮೈಮೇಲೆ ಜರಿಗಿಡ, ಪಾಚಿ ಬೆಳೆದಿದ್ದು, ಒಸರುವ ನೀರು ತಿಳಿಯಾಗಿದ್ದರೆ ಆ ದರೆ ಗಟ್ಟಿಯಾಗಿ ನಿಂತಿದೆ ಎಂದು ಅರ್ಥ. ನೀರು ಕೆಂಪಗೆ ಇಳಿಯುತ್ತಿದ್ದರೆ, ಡಾಂಬರಿನ ಮೇಲೆ ಗೋಲಿ ಗಾತ್ರದ ಕಲ್ಲು ಉದುರಿದ್ದರೆ, ಮರದ ಬೇರು ಹೊಸದಾಗಿ ಹೊರಗೆ ನೇತಾಡುತ್ತಿದ್ದರೆ ಅದರ ಕೆಳಗೆ ಸೆಲ್ಫಿಗೂ ನಿಲ್ಲಬೇಡಿ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಈ ಭಾಗ ಬಹಳ ಏಟು ತಿಂದಿದೆ. ಚಾರ್ಮಾಡಿಯೂ ಆಗ ಕುಸಿದು ದೊಡ್ಡ ಗಾಡಿಗಳಿಗೆ ತಿಂಗಳುಗಟ್ಟಲೆ ಮುಚ್ಚಿತ್ತು.

ಸುಂಕಸಾಲೆ, ಹಿರೇಬೈಲು ದಾಟಿ ಕಳಸಕ್ಕೆ ಒಂದೂವರೆ, ಎರಡಕ್ಕೆ ಸೇರುತ್ತೀರಿ. ನಕ್ಷೆ ಇದಕ್ಕಿಂತ ಬಹಳ ಕಡಿಮೆ ಹೊತ್ತು ತೋರಿಸುತ್ತದೆ, ನಂಬಬೇಡಿ. ಮಲೆನಾಡಿನಲ್ಲಿ ನಿಂತು ನೋಡುವುದೂ ಸೇರಿ ಗಂಟೆಗೆ 25 ಕಿ.ಮೀ. ಲೆಕ್ಕ ಹಿಡಿದರೆ ಗಂಡಹೆಂಡಿರ ನಡುವೆ ಮಾತು ಚೆನ್ನಾಗಿರುತ್ತದೆ.

ರಾತ್ರಿ ಕಳಸದಲ್ಲೇ ಉಳಿಯಿರಿ. ಸಂಜೆಗೆ ಎರಡು ಆಯ್ಕೆ: ಹೊರನಾಡಿನ ಅನ್ನಪೂರ್ಣೇಶ್ವರಿ, ಇಲ್ಲವೇ ಅಂಬಾತೀರ್ಥ. ಹೊರನಾಡಿನಲ್ಲಿ ರಜೆ ದಿನ ಜನ ಇರುತ್ತಾರೆ, ಆದರೂ ಪ್ರಸಾದದ ಊಟ ನಿಮ್ಮತ್ತೆಯವರಿಗೆ ತಪ್ಪಿಸಬೇಡಿ. ಅಂಬಾತೀರ್ಥದಲ್ಲಿ ಭದ್ರೆ ಬಂಡೆಗಳ ನಡುವೆ ನುಗ್ಗಿ ಹೋಗುತ್ತಾಳೆ. ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟದ್ದು ಎಂದು ಪ್ರತೀತಿ ಇರುವ ದೊಡ್ಡ ಬಂಡೆಯೂ ಅಲ್ಲಿದೆ. ದಡದಿಂದಲೇ ನೋಡಿ. ಮಗಳು ಕಾಲು ಇಳಿಬಿಡುತ್ತೇನೆ ಅಂದರೆ ಬೇಡ ಅನ್ನಿ. ನೀರು ಕಾಣುವುದಕ್ಕಿಂತ ಆಳ, ಬಂಡೆ ಜಾರುತ್ತದೆ.

ಮಾರನೇ ದಿನ ಮಾಗುಂಡಿ, ಬಾಳೆಹೊನ್ನೂರು, ಆಲ್ದೂರು, ಚಿಕ್ಕಮಗಳೂರು, ಕಡೂರಿನ ಮೇಲೆ ವಾಪಸ್. ಬಾಳೆಹೊನ್ನೂರಿನವರೆಗೆ ಭದ್ರೆ ಆಗಾಗ ಪಕ್ಕಕ್ಕೆ ಬಂದು ಹೋಗುತ್ತಾಳೆ. ನವೆಂಬರ್ ಅಂದರೆ ಅರೇಬಿಕಾ ಕಾಫಿಯ ಹಣ್ಣು ಕೊಯ್ಯಲು ಶುರುವಾಗಿರುತ್ತದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ನಡೆಯುವ ತೋಟದ ಹತ್ತಿರ ಹುಳಿ ಹುಳಿ ವಾಸನೆ ಮೂಗಿಗೆ ಬಡಿದರೆ ಕಾರು ಕೆಟ್ಟಿತೆಂದು ಹೆದರಬೇಡಿ, ಅದು ಕಾಫಿ ಹಣ್ಣಿನ ಸಿಪ್ಪೆಯದು. ಬೆಳಿಗ್ಗೆ ಎಂಟರ ಸುಮಾರಿಗೆ, ಸಂಜೆ ಐದರ ಸುಮಾರಿಗೆ ಆಳುಗಳನ್ನು ಕರೆದೊಯ್ಯುವ ಪಿಕಪ್‌ಗಳ ಓಡಾಟ ಜೋರು; ಆ ಹೊತ್ತಿಗೆ ನೀವು ತಿಂಡಿಗೋ ಕಾಫಿಗೋ ಕೂತಿರಿ.

ಕುದುರೆಮುಖ, ಶೃಂಗೇರಿ, ಆಗುಂಬೆಯನ್ನೂ ಇದೇ ಎರಡು ದಿನಕ್ಕೆ ಸೇರಿಸಬಹುದಾ ಅಂತ ನಿಮ್ಮ ಯಜಮಾನರು ಕೇಳೇ ಕೇಳುತ್ತಾರೆ. ಸೇರಿಸಬಹುದು, ಆದರೆ ಆಗ ನೀವು ನನಗೆ ಪತ್ರ ಬರೆಯುವ ಅಗತ್ಯ ಇರಲಿಲ್ಲ.

ಪ್ರಶ್ನೆ: ಆಗುಂಬೆ ಇಳಿಯುವಾಗ ನನ್ನ ಆಟೋಮ್ಯಾಟಿಕ್ ಕಾರಿನ ಚಕ್ರಗಳಿಂದ ಸುಟ್ಟ ವಾಸನೆ ಬಂತು. ಗ್ಯಾರೇಜಿನವರು ಏನೂ ತೊಂದರೆ ಇಲ್ಲ ಎಂದರು. ಮತ್ತೆ ಘಾಟಿಗೆ ಹೋಗಲು ಭಯ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಗ್ಯಾರೇಜಿನವರು ಹೇಳಿದ್ದು ಸರಿ, ತೊಂದರೆ ನಿಮ್ಮ ಬಲಗಾಲಿನದು. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಮೇಲಿನಿಂದ ಸೋಮೇಶ್ವರದವರೆಗೆ ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಬಂದರೆ ಯಾವ ಕಂಪನಿಯ ಕಾರಾದರೂ ವಾಸನೆ ಹೊಡೆಯುತ್ತದೆ.

ಹಳೇ ಡ್ರೈವರುಗಳ ಲೆಕ್ಕ ಸರಳ: ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ನಿಮ್ಮದು ಆಟೋಮ್ಯಾಟಿಕ್ ಆದರೂ ಎಲ್ ಎಂದೋ, ಎಂ ಎಂದೋ ಒಂದು ಸ್ಥಾನ ಇರುತ್ತದೆ. ಇಳಿಜಾರು ಶುರುವಾಗುವ ಮೊದಲೇ ಅದಕ್ಕೆ ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಬ್ರೇಕನ್ನು ತಿರುವಿನ ಮುಂಚೆ ಗಟ್ಟಿಯಾಗಿ ಒಮ್ಮೆ ಒತ್ತಿ ಬಿಡಿ, ಸವರುತ್ತ ಕೂರಬೇಡಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡುವವರಿದ್ದಾರೆ. ಅವರ ಜೊತೆ ಕಾರಿನಲ್ಲಿ ಕೂರಬೇಡಿ. ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಮಂಗಗಳನ್ನು ನೋಡುತ್ತ ಕೂತಿರಿ. ಬಿಸಿ ಡಿಸ್ಕಿನ ಮೇಲೆ ನೀರು ಮಾತ್ರ ಸುರಿಯಬೇಡಿ, ಸೊಟ್ಟಗಾಗುತ್ತದೆ.

ಗುಡ್ಡದ ರಸ್ತೆಗೆ ಎಂಜಿನಿಯರುಗಳು ಇಟ್ಟುಕೊಳ್ಳುವ ಸಾಮಾನ್ಯ ಲೆಕ್ಕ 20 ಅಡಿ ಮುಂದೆ ಹೋದರೆ 1 ಅಡಿ ಏರು. ಬೇರೆ ದಾರಿಯೇ ಇಲ್ಲದ ಕಡೆ ಸುಮಾರು 14ಕ್ಕೆ 1. ಏರು ಹಗುರವಾಗಲಿ ಎಂದೇ ಅಷ್ಟು ಸುತ್ತು ಹಾಕಿರುತ್ತಾರೆ. ತಿರುವು ಬಂತೆಂದು ಬೈದುಕೊಳ್ಳುವ ಮೊದಲು ಅದು ನಿಮ್ಮ ಎಂಜಿನ್ನಿಗೆ ಮಾಡುತ್ತಿರುವ ಉಪಕಾರ ನೆನೆಸಿಕೊಳ್ಳಿ. ಮತ್ತೊಂದು: ಕಿರಿದಾದ ಜಾಗದಲ್ಲಿ ಎದುರಾದರೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು ಸೌಜನ್ಯ ಮಾತ್ರ ಅಲ್ಲ, ಕಾನೂನೂ ಹೌದು.

ಪ್ರಶ್ನೆ: ಕಾಫಿ ಹೂವು ನೋಡಲು ಯಾವಾಗ ಬರಬೇಕು? ತಾರೀಕು ಹೇಳಿದರೆ ರೂಮು ಬುಕ್ ಮಾಡಿಬಿಡುತ್ತೇವೆ.
— ಗೃಹಿಣಿ, ದಾವಣಗೆರೆ

ಉತ್ತರ: ತಾರೀಕು ಹೇಳುವುದು ಮಳೆ. ಬೇಸಿಗೆಯ ಮೊದಲ ಹದ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರೇಬಿಕಾ ಅರಳುತ್ತದೆ. ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್. ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸುವ ತೋಟಗಳಲ್ಲಿ ಇನ್ನೂ ಮೊದಲೇ ಅರಳಿರುತ್ತದೆ. ಅರಳಿದ ಮೇಲೆ ಎರಡು ಮೂರು ದಿನದ ಆಟ, ಆಮೇಲೆ ಕಂದಿ ಉದುರುತ್ತದೆ. ಹಾಗಾಗಿ ರೂಮಿಗೆ ಮುಂಗಡ ಕೊಡುವ ಬದಲು ಹೋಮ್‌ಸ್ಟೇಯವರ ಫೋನ್ ನಂಬರ್ ಇಟ್ಟುಕೊಂಡು, "ಮಳೆ ಬಿತ್ತಾ?" ಎಂದು ವಾರಕ್ಕೊಮ್ಮೆ ಕೇಳಿ. ತೋಟದವರಿಗೂ ಆ ತಿಂಗಳು ಬೇರೆ ಮಾತೇ ಇರುವುದಿಲ್ಲ, ಬೇಜಾರು ಮಾಡಿಕೊಳ್ಳುವುದಿಲ್ಲ.

ಹೂವು ನೋಡಲು ಬೆಳಿಗ್ಗೆ ಏಳರೊಳಗೆ ಹೊರಡಿ. ರೆಂಬೆಯ ಗಿಣ್ಣು ಗಿಣ್ಣಿಗೂ ಎಲೆಯ ಬುಡದಲ್ಲಿ ಒತ್ತೊತ್ತಾಗಿ ಬಿಳಿ ಗೊಂಚಲು, ಮಲ್ಲಿಗೆಯ ಹಾಗೆ ಗಾಢ ಪರಿಮಳ. ಹತ್ತಿರ ಹೋದರೆ ಇಡೀ ಗಿಡವೇ ಗುಂಯ್ ಅನ್ನುತ್ತಿರುತ್ತದೆ. ಜೇನು. ಡಿಯೋ ಹೊಡೆದುಕೊಂಡು ಬರಬೇಡಿ. ಮೂಡಿಗೆರೆಯಿಂದ ಜಾವಳಿ ಕಡೆಗೋ, ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆಗೋ ಎ.ಸಿ. ಆರಿಸಿ ನಿಧಾನಕ್ಕೆ ಹೋದರೆ ಸಾಕು, ತೋಟದೊಳಗೆ ಕಾಲಿಡುವುದೇ ಬೇಕಿಲ್ಲ.

ಪ್ರಶ್ನೆ: ಬೈಕಿನಲ್ಲಿ ನಾವು ಆರು ಜನ ಗೆಳೆಯರು. ಕುದುರೆಮುಖದ ಕಾಡಿನ ರಸ್ತೆಯಲ್ಲಿ ರಾತ್ರಿ ಓಡಿಸಿ, ನಡುವೆ ಟೆಂಟ್ ಹಾಕುವ ಯೋಜನೆ ಇದೆ. ಒಳ್ಳೆ ಜಾಗ ಹೇಳಿ.
— ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಟೆಂಟ್ ಹಾಕಲು ಒಳ್ಳೆ ಜಾಗ ನಿಮ್ಮ ಮನೆಯ ಟೆರೇಸು. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ತನಿಖಾ ಠಾಣೆಯಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ಆ ಕಡೆಯ ಠಾಣೆಯಲ್ಲಿ ಅದನ್ನು ನೋಡುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ಒಲೆ ಹೊತ್ತಿಸುವ ಮಾತಂತೂ ಇಲ್ಲವೇ ಇಲ್ಲ. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಲ್ಲಿಸಿ ಉಳಿಸಿಕೊಂಡ ಕಾಡದು, ನಿಮ್ಮ ಒಂದು ರಾತ್ರಿಯ ಮ್ಯಾಗಿಗೆ ಕೊಡಲಾಗುವುದಿಲ್ಲ ತಮ್ಮಾ.

ಹಗಲಿನಲ್ಲಿ, ಸದ್ದು ಕಡಿಮೆ ಮಾಡಿಕೊಂಡು ಕಾರ್ಕಳದ ಕಡೆಯಿಂದ ಹತ್ತಿ ಬನ್ನಿ. ದಟ್ಟ ಕಾಡಿನ ನೆರಳಿನಿಂದ ಹುಲ್ಲುಗುಡ್ಡದ ಬೆಳಕಿಗೆ ಬಂದು ಬೀಳುವುದು ಆ ದಿಕ್ಕಿನಿಂದ ಬಂದರೇ ಚೆನ್ನ. ಉಳಿಯುವುದು ಕಳಸದಲ್ಲೋ ಶೃಂಗೇರಿಯಲ್ಲೋ ಇರಲಿ.

ಪ್ರಶ್ನೆ: ಡಿಸೆಂಬರ್ ರಜೆಗೆ ಊರಿಗೆ ಬರುತ್ತಿದ್ದೇವೆ. ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಒಂದೇ ಒಂದು ರಸ್ತೆ ತೋರಿಸಬೇಕು. ಹಾಸನ ನಮ್ಮೂರು.
— ಕನ್ನಡಿಗರೊಬ್ಬರು, ಮಸ್ಕತ್

ಉತ್ತರ: ಸಕಲೇಶಪುರದಿಂದ ಬಿಸಿಲೆ ಘಾಟಿಯ ರಸ್ತೆ. ಮೊದಲು ಮಂಜರಾಬಾದ್ ಕೋಟೆ ಹತ್ತಿಸಿ, ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ, ಮಕ್ಕಳ ಕಾಲಿನ ಜೋಮು ಹೋಗುತ್ತದೆ. ಆಮೇಲೆ ಬಿಸಿಲೆ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಒಂದು ಗುರುತಿನ ಕಲ್ಲು ಕೇಳಿಕೊಂಡು ನೋಡಿ. ಅದರ ಒಂದು ಕಡೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಕಡೆಯದು ಬಂಗಾಳ ಕೊಲ್ಲಿಗೆ. ಸುಮ್ಮನೆ ಹೋದರೆ ಗೊತ್ತೇ ಆಗದಷ್ಟು ಸಣ್ಣ ಕಲ್ಲು. ಮಕ್ಕಳ ಕೈಗೆ ಒಂದೊಂದು ಬಾಟಲಿ ನೀರು ಕೊಟ್ಟು ಎರಡೂ ಕಡೆ ಸುರಿಸಿ. ನಿಮ್ಮ ಮಸ್ಕತ್ತಿನ ಕಡಲಿಗೆ ಸೇರುವುದು ಯಾವ ಕಡೆಯ ನೀರು ಎಂದು ಅವರೇ ಲೆಕ್ಕ ಹಾಕಲಿ. ಬಿಸಿಲೆಯ ವೀಕ್ಷಣಾ ಸ್ಥಳದಲ್ಲಿ ಕಣಿವೆಯಾಚೆ ಕುಮಾರ ಪರ್ವತ ಕಾಣುತ್ತದೆ, ಮಂಜು ಬಿಟ್ಟುಕೊಟ್ಟರೆ. ಹತ್ತು ಗಂಟೆಯ ಮೇಲೆ ಹೋಗುವುದು ಒಳ್ಳೆಯದು.

ಆನೆ ವಿಷಯ ಮರೆಯಬೇಡಿ. ಸಕಲೇಶಪುರ, ಆಲೂರು ಕಡೆ ತೋಟದಿಂದ ತೋಟಕ್ಕೆ ಆನೆಗಳು ರಸ್ತೆ ದಾಟುತ್ತವೆ. ಮುಂಜಾನೆ, ಮುಸ್ಸಂಜೆ ಹೊರಡಬೇಡಿ. ಹೊರಡುವ ಮೊದಲು ಊರಿನ ಯಾವುದಾದರೂ ಚಹಾ ಅಂಗಡಿಯಲ್ಲಿ "ಇವತ್ತು ಎಲ್ಲಿದೆ?" ಎಂದಷ್ಟೇ ಕೇಳಿ, ಏನು ಎಲ್ಲಿದೆ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಎದುರಾದರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಫೋಟೋಗೆ ಇಳಿಯುವುದು ಬೇಡ.

ಪ್ರಶ್ನೆ: ತಿರುವಿನ ರಸ್ತೆಯಲ್ಲಿ ಮಗನಿಗೆ ವಾಂತಿ. ಉಪಾಯ ಇದೆಯೇ?
— ಮಂಡ್ಯ

ಉತ್ತರ: ಮುಂದಿನ ಸೀಟು, ಖಾಲಿಯೂ ಅಲ್ಲ ಭರ್ತಿಯೂ ಅಲ್ಲದ ಹೊಟ್ಟೆ, ಕೈಯಲ್ಲಿ ಮೊಬೈಲ್ ಇಲ್ಲ, ದೂರದ ಗುಡ್ಡದ ಮೇಲೆ ಕಣ್ಣು. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ. ಎಲ್ಲಕ್ಕಿಂತ ಮೊದಲು ಓಡಿಸುವವರು ಯಾರು ಎಂದು ನೋಡಿ. ತಿರುವಿನೊಳಗೆ ಹೋಗಿ ಬ್ರೇಕ್ ಹಾಕುವವರ ಕಾರಿನಲ್ಲಿ ನನಗೂ ವಾಂತಿಯಾಗುತ್ತದೆ.

ಪ್ರಶ್ನೆ: ನಮ್ಮ ತೋಟದ ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಾರೆ, ಕಣದಲ್ಲಿ ಒಣಹಾಕಿದ ಕಾಫಿಯ ಮೇಲೆ ನಡೆದು ಫೋಟೋ ತೆಗೆಯುತ್ತಾರೆ, ಬಾಟಲಿ ಎಸೆದು ಹೋಗುತ್ತಾರೆ. ನೀವು ಜನರನ್ನು ಈ ಕಡೆ ಕಳಿಸುವುದನ್ನು ನಿಲ್ಲಿಸಿದರೆ ಉಪಕಾರ.
— ಬೆಳೆಗಾರರು, ಕೊಪ್ಪ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು, ಅದಕ್ಕೇ ಪತ್ರ ಹಾಗೇ ಅಚ್ಚು ಹಾಕಿಸಿದ್ದೇನೆ. ಓದುಗರು ಗಮನಿಸಿ: ಗೇಟು ಮುಚ್ಚಿದ್ದರೂ ಅದು ಗೇಟೇ, ಅದರಿಂದ ಯಾವ ಹೊತ್ತಿಗಾದರೂ ಟ್ರ್ಯಾಕ್ಟರ್ ಹೊರಬರಬೇಕು. ಕಣದ ಕಾಫಿ ಅವರ ವರ್ಷದ ದುಡಿಮೆ, ಚಪ್ಪಲಿಯ ಮಣ್ಣು ಅದಕ್ಕೆ ಬೇಕಿಲ್ಲ. ಕಾರಿನಲ್ಲಿ ಒಂದು ಖಾಲಿ ಗೋಣಿಚೀಲ ಇಟ್ಟುಕೊಳ್ಳಿ, ತಂದ ಬಾಟಲಿ, ತಟ್ಟೆ ಎಲ್ಲ ಅದರಲ್ಲೇ ಊರಿಗೆ ಬರಲಿ. ಆದರೆ ಬೆಳೆಗಾರರೇ, ಜನರನ್ನು ಕಳಿಸುವುದು ನಿಲ್ಲಿಸಲಾರೆ. ಬರುವವರು ಬಂದೇ ಬರುತ್ತಾರೆ. ಹೇಳಿ ಕಳಿಸಿದರೆ ಕೆಲವರಾದರೂ ಕೇಳಿಕೊಂಡು ಬರುತ್ತಾರೆ.

ಪ್ರಶ್ನೆ: ನಮ್ಮ ಮನೆಯವರು ಯಾರನ್ನೂ ದಾರಿ ಕೇಳುವುದಿಲ್ಲ, ಮೊಬೈಲ್ ಹೇಳಿದ್ದೇ ವೇದವಾಕ್ಯ. ಹೋದ ಸಲ ಯಾರದೋ ತೋಟದ ನಾಯಿ ಗೂಡಿನ ಮುಂದೆ ಹೋಗಿ ನಿಂತೆವು.
— ಚಿತ್ರದುರ್ಗ

ಉತ್ತರ: ಮೊಬೈಲಿಗೆ ಹತ್ತಿರದ ದಾರಿ ಗೊತ್ತು, ಅದು ಜೀಪಿನ ದಾರಿಯೋ ಕಾರಿನ ದಾರಿಯೋ ಎಂದು ಗೊತ್ತಿಲ್ಲ. ಕಣಿವೆಗಳಲ್ಲಿ ಸಿಗ್ನಲ್ಲೂ ಹೋಗುತ್ತದೆ, ಆದ್ದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ, ಪೆಟ್ರೋಲನ್ನು ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ತುಂಬಿಸಿಕೊಂಡುಬಿಡಿ. ಕವಲು ಬಂದಲ್ಲಿ ಅನುಮಾನವಾದರೆ "ಇದರಲ್ಲಿ ಬಸ್ಸು ಹೋಗುತ್ತಾ?" ಎಂದು ಕೇಳಿ. ಹೋಗುತ್ತೆ ಅಂದರೆ ಹೋಗಿ, ಜೀಪು ಹೋಗುತ್ತೆ ಅಂದರೆ ತಿರುಗಿಸಿ. ಕೇಳುವ ಕೆಲಸ ನೀವೇ ವಹಿಸಿಕೊಳ್ಳಿ, ಅವರು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಿರಲಿ.